ಓದುಗರ ಪ್ರಶ್ನೆಗಳಿಗೆ ಉತ್ತರ: ಮಸುಕಾದ ಸ್ಕ್ಯಾನ್ ಮುದ್ರಣಕ್ಕೆ ಸಿದ್ಧವಾಗುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ-ಅಜ್ಜಿಯ ಮದುವೆಯ ಕಾಲದ ಕಪ್ಪು-ಬಿಳುಪು ಫೋಟೊ ಒಂದನ್ನು ಸಂಬಂಧಿಕರೊಬ್ಬರು ಸ್ಕ್ಯಾನ್ ಮಾಡಿ ನನ್ನ ಮೊಬೈಲಿಗೆ ಕಳುಹಿಸಿದ್ದಾರೆ. ಮೂಲ ಫೋಟೊ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ್ದು. ನನಗೆ ಬಂದಿರುವ ಫೈಲಿನ ಅಳತೆ 500 × 700 ಪಿಕ್ಸೆಲ್. ಇದನ್ನು 10 × 14 ಇಂಚಿಗೆ ಮುದ್ರಿಸಿ ಚೌಕಟ್ಟು ಹಾಕಿಸಬೇಕೆಂಬುದು ನನ್ನ ಆಸೆ. ಆದರೆ ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ, ಕೆನ್ನೆಯ ಮೇಲೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಒಂದು ಬದಿಯಲ್ಲಿ ಕಂದು ಕಲೆಯಿದೆ, ನಡುವೆ ಮಡಿಕೆಯ ಗೆರೆಯೂ ಇದೆ. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಸಂಖ್ಯೆ) ಅನ್ನು 72ರಿಂದ 300ಕ್ಕೆ ಬದಲಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?

ಉತ್ತರ: ಫೈಲಿನಲ್ಲಿರುವ ಡಿಪಿಐ ಸಂಖ್ಯೆಯು ಪಿಕ್ಸೆಲ್‌ಗಳನ್ನು ಕಾಗದದ ಮೇಲೆ ಎಷ್ಟು ಒತ್ತಾಗಿ ಹರಡಬೇಕೆಂದು ತಿಳಿಸುವ ಸೂಚನೆ ಮಾತ್ರ. ಆ ಸಂಖ್ಯೆಯನ್ನು ಬದಲಿಸಿದ ಮಾತ್ರಕ್ಕೆ ಚಿತ್ರದಲ್ಲಿ ಒಂದು ಹೊಸ ವಿವರವೂ ಸೇರುವುದಿಲ್ಲ. ಆದ್ದರಿಂದ ಅದನ್ನು ಬದಿಗಿಟ್ಟು ಪಿಕ್ಸೆಲ್‌ಗಳ ಲೆಕ್ಕ ಹಾಕಿ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಇಂಚಿಗೆ ಸುಮಾರು 300 ಪಿಕ್ಸೆಲ್ ಇದ್ದರೆ ಒಳ್ಳೆಯದು. ಗೋಡೆಯ ಮೇಲೆ ತೂಗುಹಾಕಿ ಕೆಲವು ಅಡಿ ದೂರದಿಂದ ನೋಡುವ ಚಿತ್ರಕ್ಕೆ 200 ಸಾಕು, 150ರವರೆಗೂ ಇಳಿಯಬಹುದು. ನಿಮ್ಮ ಫೈಲನ್ನು 10 ಇಂಚು ಅಗಲಕ್ಕೆ ಹರಡಿದರೆ ಇಂಚಿಗೆ ಸಿಗುವುದು 50 ಪಿಕ್ಸೆಲ್ ಮಾತ್ರ. ಇಂಚಿಗೆ 300ರಂತೆ ಮುದ್ರಿಸಿದರೆ ಚಿತ್ರ ಮೂಲ ಫೋಟೊಗಿಂತಲೂ ಚಿಕ್ಕದಾಗುತ್ತದೆ. ಅಂದರೆ ಕೊರತೆ ಇರುವುದು ನಿಮ್ಮ ತಂತ್ರಾಂಶದಲ್ಲಾಗಲಿ ನಿಮ್ಮ ಕೈಚಳಕದಲ್ಲಾಗಲಿ ಅಲ್ಲ, ಸ್ಕ್ಯಾನಿನಲ್ಲಿ.

ಹೀಗಾಗಿ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಸಂಬಂಧಿಕರನ್ನು ಮತ್ತೊಮ್ಮೆ ಸಂಪರ್ಕಿಸುವುದು. ಮೂಲ ಸ್ಕ್ಯಾನ್ ಅವರ ಕಂಪ್ಯೂಟರಿನಲ್ಲಿ ಇನ್ನೂ ಇದ್ದಿರಬಹುದು. ಸಂದೇಶ ಆ್ಯಪ್‌ಗಳು ಫೋಟೊ ಎಂದು ಕಳುಹಿಸಿದ್ದನ್ನು ಸಾಮಾನ್ಯವಾಗಿ ಕುಗ್ಗಿಸಿ, ಜೆಪೆಗ್ ವಿಧಾನದಲ್ಲಿ ಗಟ್ಟಿಯಾಗಿ ಅದುಮಿ ಕಳುಹಿಸುತ್ತವೆ. ನೀವು ಕೆನ್ನೆಯ ಮೇಲೆ ಕಂಡ ಚೌಕಗಳು ಅದರ ಗುರುತೇ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳನ್ನಾಗಿ ವಿಂಗಡಿಸಿ ಪ್ರತಿ ತುಂಡಿನಲ್ಲೂ ಸೂಕ್ಷ್ಮ ವಿವರವನ್ನು ಕೈಬಿಡುತ್ತದೆ. ಅದೇ ಫೈಲನ್ನು ಡಾಕ್ಯುಮೆಂಟ್ ರೂಪದಲ್ಲಿಯೋ ಇಮೇಲ್ ಲಗತ್ತಾಗಿಯೋ ಕಳುಹಿಸಲು ಕೇಳಿಕೊಂಡರೆ, ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯಬಹುದು. ಫೋಟೊವೇ ಕೈಗೆ ಸಿಗುವುದಾದರೆ ಅದಕ್ಕಿಂತ ಮೇಲಾದುದು ಇನ್ನೊಂದಿಲ್ಲ. ಮಸುಕಾದ ಫೈಲಿನೊಡನೆ ದಿನಗಟ್ಟಲೆ ಹೆಣಗುವುದಕ್ಕಿಂತ, ಹೊಸದಾಗಿ ಮಾಡಿದ ಒಂದು ಒಳ್ಳೆಯ ಸ್ಕ್ಯಾನ್ ಹೆಚ್ಚು ಫಲ ಕೊಡುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಹೊಸ ಸ್ಕ್ಯಾನ್ ಮಾಡುವಾಗ ಫೋಟೊದ ಮೇಲಿನ ಧೂಳನ್ನು ಮೃದುವಾದ ಒಣ ಬ್ರಷ್‌ನಿಂದ ಸರಿಸಿ. ನೀರನ್ನಾಗಲಿ ಯಾವುದೇ ದ್ರಾವಣವನ್ನಾಗಲಿ ಫೋಟೊಗೆ ಸೋಕಿಸಬೇಡಿ. ಸ್ಕ್ಯಾನರಿನ ಗಾಜನ್ನು ಒರೆಸುವ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಬೇಕೇ ಹೊರತು ನೇರವಾಗಿ ಗಾಜಿನ ಮೇಲೆ ಸಿಂಪಡಿಸಬಾರದು, ಏಕೆಂದರೆ ಅದು ಅಂಚಿನಿಂದ ಒಳಗಿಳಿಯುತ್ತದೆ. ಫೋಟೊ ಹಳೆಯ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಬಲವಂತವಾಗಿ ಕೀಳಬೇಡಿ. ಕಿತ್ತರೆ ಮುಖದ ಭಾಗವೇ ಗಾಜಿನಲ್ಲಿ ಉಳಿದುಬಿಡಬಹುದು. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡುವುದೇ ಕ್ಷೇಮ.

ಸ್ಕ್ಯಾನನ್ನು 600 ಡಿಪಿಐನಲ್ಲಿ ಮಾಡಿ. ನಿಮ್ಮ ಫೋಟೊದಿಂದ ಆಗ 1500 × 2100 ಪಿಕ್ಸೆಲ್ ಸಿಗುತ್ತದೆ. 5 × 7 ಇಂಚಿಗೆ ಅದು ಇಂಚಿಗೆ 300ರಂತೆಯೂ, ನೀವು ಬಯಸಿದ 10 × 14 ಇಂಚಿಗೆ 150ರಂತೆಯೂ ಒದಗುತ್ತದೆ. 1200 ಡಿಪಿಐಗೆ ಹೋಗಬಾರದೆಂದೇನಿಲ್ಲ. ನೆಗೆಟಿವ್‌ಗೆ ಕಾಗದವನ್ನು ಒತ್ತಿ ಅದೇ ಅಳತೆಗೆ ತೆಗೆದ ಚಿಕ್ಕ ಪ್ರತಿಗಳಲ್ಲಿ ಕೆಲವೊಮ್ಮೆ ಅಷ್ಟು ವಿವರ ನಿಜವಾಗಿಯೂ ಇರುತ್ತದೆ. ಆದರೆ ಹೆಚ್ಚಿನ ಕಾಗದದ ಫೋಟೊಗಳಲ್ಲಿ 600ರ ಆಚೆಗೆ ಸಿಗುವುದು ಕಾಗದದ ನಾರು ಮತ್ತು ಧೂಳು ಮಾತ್ರ. ಸ್ಕ್ಯಾನರಿನ ವಿವರಪಟ್ಟಿಯಲ್ಲಿ ಬಹು ದೊಡ್ಡ ಸಂಖ್ಯೆಗಳು ಕಂಡರೆ, ಅವುಗಳಲ್ಲಿ ಆಪ್ಟಿಕಲ್ ಎಂದು ನಮೂದಿಸಿರುವುದನ್ನಷ್ಟೇ ನಂಬಿ. ಉಳಿದದ್ದು ತಂತ್ರಾಂಶ ನಡುನಡುವೆ ಊಹಿಸಿ ತುಂಬಿದ ಪಿಕ್ಸೆಲ್‌ಗಳು. ಮನೆಯಲ್ಲೆಲ್ಲಾದರೂ ಆ ಚಿತ್ರದ ನೆಗೆಟಿವ್ ಉಳಿದಿದೆಯೇ ಎಂದೂ ಹುಡುಕಿಸಿ. ಫಿಲ್ಮ್ ಸ್ಕ್ಯಾನ್ ಮಾಡುವವರ ಬಳಿ ಅದನ್ನು ಕೊಟ್ಟರೆ ಕಾಗದದ ಪ್ರತಿಯಲ್ಲಿ ಎಂದೂ ಇಳಿದಿರದ ವಿವರ ಅದರಿಂದ ಹೊರಬರುವುದುಂಟು.

ಇಲ್ಲಿ ಬಹಳಷ್ಟು ಜನ ಕಡೆಗಣಿಸುವ ಒಂದು ಸಂಗತಿಯಿದೆ: ಫೋಟೊ ಕಪ್ಪು-ಬಿಳುಪಿನದಾದರೂ ಸ್ಕ್ಯಾನನ್ನು ಬಣ್ಣದಲ್ಲಿಯೇ ಮಾಡಬೇಕು. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂಬ, ಆಯಾ ಬಣ್ಣದ ಬೆಳಕನ್ನಷ್ಟೇ ದಾಖಲಿಸುವ ಮೂರು ಚಾನೆಲ್‌ಗಳಿರುತ್ತವೆ. ಹಳದಿ ಅಥವಾ ಕಂದು ಕಲೆಯು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀಲಿ ಚಾನೆಲಿನಲ್ಲಿ ಅದು ಕಡುಕಪ್ಪಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲಿನಲ್ಲಿ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ನಿಮ್ಮ ಫೋಟೊದ ಕಂದು ಕಲೆಗೆ ಇದೇ ಮದ್ದು. ಕೆಂಪು ಚಾನೆಲನ್ನು ಮಾತ್ರ ಆರಿಸಿಕೊಂಡು ಅದನ್ನೇ ಕಪ್ಪು-ಬಿಳುಪು ಚಿತ್ರವನ್ನಾಗಿ ಬಳಸಿದರೆ, ಗಂಟೆಗಟ್ಟಲೆ ಕುಳಿತು ಅಳಿಸಬೇಕಾದ ಕಲೆಯ ಬಹುಭಾಗ ಒಮ್ಮೆಗೇ ಹೋಗುತ್ತದೆ. ಕಲೆಯಿಲ್ಲದೆ ಇಡೀ ಚಿತ್ರವೇ ಹಳದಿಗಟ್ಟಿ ಮಂಕಾಗಿರುವ ಫೋಟೊಗಳಲ್ಲಿ ಇದಕ್ಕೆ ವಿರುದ್ಧವಾದದ್ದು ನಿಜ: ಅಳಿದುಳಿದ ನೆರಳು-ಬೆಳಕಿನ ವ್ಯತ್ಯಾಸ ನೀಲಿ ಚಾನೆಲಿನಲ್ಲಿಯೇ ಹೆಚ್ಚಾಗಿ ಸಿಗುತ್ತದೆ. ಮೂರನ್ನೂ ಒಂದೊಂದಾಗಿ ತೆರೆದು ನೋಡಿ ನಿರ್ಧರಿಸಿ. ಚಿತ್ರ ತಿದ್ದುವ ತಂತ್ರಾಂಶಗಳಾದ ಫೋಟೊಶಾಪಿನಲ್ಲೂ ಉಚಿತವಾಗಿ ದೊರೆಯುವ ಗಿಂಪ್‌ನಲ್ಲೂ ಇದು ಸಾಧ್ಯ.

ಸ್ಕ್ಯಾನರ್ ತಾನಾಗಿಯೇ ಮಾಡುವ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿ, ಫೈಲನ್ನು ವಿವರ ಕೈಬಿಡದೆ ಉಳಿಸುವ ಟಿಫ್ ರೂಪದಲ್ಲಿ ಉಳಿಸಿ. 16 ಬಿಟ್ ಆಯ್ಕೆಯಿದ್ದರೆ ಅದನ್ನೇ ಬಳಸಿ. 8 ಬಿಟ್‌ನಲ್ಲಿ ಪ್ರತಿ ಚಾನೆಲಿಗೆ 256 ಮಟ್ಟಗಳಷ್ಟೇ ಇರುವುದರಿಂದ, ಮಂಕಾದ ಫೋಟೊವನ್ನು ಬಲವಾಗಿ ತಿದ್ದಿದಾಗ ಗೋಡೆ, ಆಕಾಶದಂತಹ ನುಣುಪಾದ ಭಾಗಗಳಲ್ಲಿ ಪಟ್ಟಿಗಳು ಮೂಡುತ್ತವೆ.

ಆಮೇಲಿನ ಕೆಲಸದಲ್ಲಿ ಕ್ರಮ ಮುಖ್ಯ. ಮೊದಲು ಲೆವೆಲ್ಸ್ ಅಥವಾ ಕರ್ವ್ಸ್ (ನೆರಳು-ಬೆಳಕನ್ನು ಹೊಂದಿಸುವ ಸಾಧನಗಳು) ಬಳಸಿ ಕಪ್ಪು ಮತ್ತು ಬಿಳುಪಿನ ತುದಿಗಳನ್ನು ಹಿಸ್ಟೋಗ್ರಾಮ್ (ಚಿತ್ರದ ಛಾಯೆಗಳ ಹಂಚಿಕೆ ತೋರಿಸುವ ನಕ್ಷೆ) ಆರಂಭವಾಗುವ ಹಾಗೂ ಮುಗಿಯುವ ಜಾಗಗಳಿಗೆ ತನ್ನಿ. ಆದರೆ ಬಿಳಿ ಪಂಚೆಯ ನೆರಿಗೆಗಳೂ ಕಪ್ಪು ಕೂದಲಿನ ಎಳೆಗಳೂ ಕಾಣದಾಗುವಷ್ಟು ಒಳಗೆ ಎಳೆಯಬೇಡಿ. ಅನಂತರ ಮಡಿಕೆಯ ಗೆರೆ, ಗೀರು, ಚುಕ್ಕೆಗಳನ್ನು, ಸುತ್ತಲಿನ ಛಾಯೆಯೊಡನೆ ಬೆರೆಸಿ ಮುಚ್ಚುವ ಹೀಲಿಂಗ್ ಬ್ರಷ್‌ನಿಂದ, ಬೇರೊಂದು ಲೇಯರಿನ (ಮೂಲ ಚಿತ್ರದ ಮೇಲಿಡುವ ಪದರ) ಮೇಲೆ ಸರಿಪಡಿಸಿ. ಮಡಿಕೆಯು ಬಟ್ಟೆಯ ಅಂಚನ್ನೋ ಮುಖದ ಗಡಿಯನ್ನೋ ದಾಟುವ ಜಾಗದಲ್ಲಿ ಹೀಲಿಂಗ್ ಬಣ್ಣಗಳನ್ನು ಕಲಸಿಬಿಡುವುದರಿಂದ ಅಲ್ಲಿ ಪಕ್ಕದ ಭಾಗವನ್ನು ಹಾಗೆಯೇ ನಕಲಿಸುವ ಕ್ಲೋನ್ ಸಾಧನವೇ ಒಳ್ಳೆಯದು. ಧೂಳಿನ ಚುಕ್ಕೆಗಳನ್ನು ಒಂದೇ ಏಟಿಗೆ ತೆಗೆಯುವ ಫಿಲ್ಟರ್ ಇದೆಯಾದರೂ ಅದನ್ನು ಇಡೀ ಚಿತ್ರಕ್ಕೆ ಹಾಕಬೇಡಿ. ಅದು ಕಣ್ಣಿನ ಹೊಳಪನ್ನೂ ಚುಕ್ಕೆಯೆಂದೇ ಎಣಿಸುತ್ತದೆ. ಇದೆಲ್ಲ ಮುಗಿದ ಮೇಲೆ ಮುದ್ರಣದ ಅಳತೆಗೆ ಹಿಗ್ಗಿಸಿ, ಕಟ್ಟಕಡೆಗೆ ಶಾರ್ಪನಿಂಗ್ (ಅಂಚುಗಳನ್ನು ಚುರುಕುಗೊಳಿಸುವುದು) ಮಾಡಿ. ಅದಕ್ಕಾಗಿರುವ ಅನ್‌ಶಾರ್ಪ್ ಮಾಸ್ಕ್ ಫಿಲ್ಟರಿನಲ್ಲಿ ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ ತಿದ್ದಬೇಕೆಂಬುದು) ಒಂದರಿಂದ ಒಂದೂವರೆ ಪಿಕ್ಸೆಲ್ ಇರಲಿ, ಕಾಗದದ ಒರಟುತನ ಎದ್ದು ಬಾರದಂತೆ ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸವಿದ್ದರೆ ಮಾತ್ರ ತಿದ್ದಬೇಕೆಂಬ ಮಿತಿ) ಸ್ವಲ್ಪ ಏರಿಸಿ. ಶಾಯಿ ಕಾಗದದಲ್ಲಿ ಕೊಂಚ ಹರಡುವುದರಿಂದ ತೆರೆಯ ಮೇಲೆ ಕೂದಲೆಳೆಯಷ್ಟು ಹೆಚ್ಚೆನಿಸುವ ಶಾರ್ಪನಿಂಗ್ ಮುದ್ರಣದಲ್ಲಿ ಹದವಾಗಿ ಕಾಣುತ್ತದೆ. ಅಂಚುಗಳ ಸುತ್ತ ಬಿಳಿ ಗೆರೆ ಮೂಡಿದರೆ ಮಾತ್ರ ಅದು ಅತಿಯಾಯಿತೆಂದು ತಿಳಿಯಿರಿ.

ಮೂಲ ಫೋಟೊ ಕಳೆದುಹೋಗಿ ಈ 500 × 700 ಫೈಲೊಂದೇ ಉಳಿದಿದ್ದರೆ, 10 × 14 ಇಂಚಿನ ಆಸೆಯನ್ನು ಬಿಟ್ಟು 4 × 5.6 ಇಂಚಿನ ಆಸುಪಾಸಿನಲ್ಲಿ ಮುದ್ರಿಸಿ, ಸುತ್ತಲೂ ಅಗಲವಾದ ಬಿಳಿ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ಕಾಗದದ ಅಂಚು) ಇಟ್ಟು ದೊಡ್ಡ ಚೌಕಟ್ಟಿನಲ್ಲಿ ಕೂರಿಸಿ. ಗೋಡೆಯ ಮೇಲೆ ಅದಕ್ಕೆ ಬೇಕಾದ ಗಾಂಭೀರ್ಯ ಬರುತ್ತದೆ, ಮುಖಗಳೂ ಮುಖಗಳಾಗಿಯೇ ಉಳಿಯುತ್ತವೆ. ಚೌಕದ ಗುರುತುಗಳನ್ನು ಹಗುರವಾದ ನಾಯ್ಸ್ ರಿಡಕ್ಷನ್‌ನಿಂದ ಮೆತ್ತಗಾಗಿಸಿ, ಹಿಗ್ಗಿಸಿದ ಮೇಲೆ ಅತಿ ಸಣ್ಣ ಗ್ರೇನ್ (ಫಿಲ್ಮಿನ ಕಣಗಳಂತಹ ಚುಕ್ಕೆಗಳು) ಸೇರಿಸಿ. ವಿವರವೇನೂ ಹೆಚ್ಚದಿದ್ದರೂ ಪ್ಲಾಸ್ಟಿಕ್ಕಿನಂತಹ ನುಣುಪು ಮರೆಯಾಗಿ ಕಣ್ಣಿಗೆ ಫೋಟೊ ಎನ್ನಿಸುತ್ತದೆ. ಮ್ಯಾಟ್ ಕಾಗದವನ್ನೇ ಆರಿಸಿಕೊಳ್ಳಿ. ಹೊಳಪಿನ ಕಾಗದ ಪ್ರತಿಯೊಂದು ದೋಷವನ್ನೂ ಎತ್ತಿ ತೋರಿಸುತ್ತದೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದರಲ್ಲಿ ನನ್ನ ತಾಯಿಯ ಹಳೆಯ ಫೋಟೊ ಹಾಕಿದಾಗ ಅದು ಬೆರಗಾಗುವಷ್ಟು ಸ್ಪಷ್ಟವಾಯಿತು. ಆದರೆ ಮನೆಯವರೆಲ್ಲ 'ಇದು ಅಮ್ಮನಂತಿಲ್ಲ' ಎನ್ನುತ್ತಾರೆ. ಇದನ್ನು ಮುದ್ರಿಸಬಹುದೇ?

ಉತ್ತರ: ಮನೆಯವರ ಕಣ್ಣನ್ನೇ ನಂಬಿ. ಇಂತಹ ಆ್ಯಪ್ ಕಳೆದುಹೋದ ವಿವರವನ್ನು ಹುಡುಕಿ ತರುವುದಿಲ್ಲ. ತಾನು ಕಲಿತ ಅಸಂಖ್ಯ ಮುಖಗಳ ಆಧಾರದ ಮೇಲೆ, ಇಲ್ಲಿ ಏನಿದ್ದಿರಬಹುದೆಂದು ಊಹಿಸಿ ಹೊಸದಾಗಿ ಬರೆಯುತ್ತದೆ. ಮೂಲದಲ್ಲಿ ಮುಖ ಚಿಕ್ಕದಾಗಿದ್ದಷ್ಟೂ ಊಹೆಯ ಪಾಲು ಹೆಚ್ಚು. ರೆಪ್ಪೆಯ ಬಾಗು, ಹಲ್ಲಿನ ಸಾಲು, ತುಟಿಯ ಅಂಚು ಇವು ಕೂದಲೆಳೆಯಷ್ಟು ಬದಲಾದರೂ ಮಗನಿಗೆ, ಮಗಳಿಗೆ ಅದು ಬೇರೆಯವರ ಮುಖವಾಗುತ್ತದೆ. ಮುಂದಿನ ಪೀಳಿಗೆಯವರು ಆ ಮುಖವನ್ನೇ ಅಜ್ಜಿಯ ಮುಖವೆಂದು ನಂಬುವರಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಚಾರ.

ಆದರೂ ಆ ಸಾಧನವನ್ನು ಪೂರ್ತಿ ದೂರವಿಡಬೇಕಾಗಿಲ್ಲ. ಮುಖವನ್ನು ತಿದ್ದುವ ಆಯ್ಕೆಯನ್ನು ಆಫ್ ಮಾಡಿಟ್ಟು, ಬಟ್ಟೆ ಮತ್ತು ಹಿನ್ನೆಲೆಗಷ್ಟೇ ಬಳಸಬಹುದು. ಇಲ್ಲವೇ ಆ್ಯಪ್ ಕೊಟ್ಟ ಚಿತ್ರವನ್ನು ಮೂಲದ ಮೇಲೆ ಲೇಯರಾಗಿ ಇಟ್ಟು, ಮುಖದ ಭಾಗವನ್ನು ಮಾಸ್ಕ್‌ನಿಂದ ಮರೆಮಾಡಿ ಕೆಳಗಿನ ನಿಜವಾದ ಮುಖವನ್ನೇ ಉಳಿಸಿಕೊಳ್ಳಬಹುದು. ಮೂಲ ಸ್ಕ್ಯಾನನ್ನು ಎಂದಿಗೂ ಅಳಿಸಬೇಡಿ, ತಿದ್ದಿದ ಫೈಲಿನ ಹೆಸರಿನಲ್ಲಿಯೇ 'ತಿದ್ದಿದ್ದು' ಎಂದು ಸೇರಿಸಿಡಿ.

ಪ್ರಶ್ನೆ: ಫೋಟೊ ಕಾಗದದ ಮೇಲ್ಮೈ ಜೇನುಗೂಡಿನಂತೆ ಉಬ್ಬು-ತಗ್ಗಾಗಿದ್ದು, ಸ್ಕ್ಯಾನಿನಲ್ಲಿ ಮುಖದ ತುಂಬ ಬಿಳಿ ಚುಕ್ಕೆಗಳ ಜಾಲ ಬರುತ್ತದೆ. ಪರಿಹಾರವೇನು?

ಉತ್ತರ: ಸ್ಕ್ಯಾನರಿನ ದೀಪ ಒಂದೇ ದಿಕ್ಕಿನಿಂದ ಬೀಳುವುದರಿಂದ ಪ್ರತಿ ಉಬ್ಬಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ನೆರಳಾಗುತ್ತದೆ. ಫೋಟೊವನ್ನು ಒಮ್ಮೆ ನೇರವಾಗಿಟ್ಟು, ಮತ್ತೊಮ್ಮೆ ತಲೆಕೆಳಗಾಗಿಟ್ಟು ಸ್ಕ್ಯಾನ್ ಮಾಡಿ. ಎರಡನೆಯದನ್ನು ನೇರವಾಗಿ ತಿರುಗಿಸಿ ಮೊದಲಿನದರ ಮೇಲೆ ನಿಖರವಾಗಿ ಹೊಂದಿಸಿ, ಅದರ ಒಪಾಸಿಟಿಯನ್ನು (ಅಪಾರದರ್ಶಕತೆ) ಅರ್ಧಕ್ಕೆ ಇಳಿಸಿದರೆ ಹೊಳಪೂ ನೆರಳೂ ಪರಸ್ಪರ ರದ್ದಾಗಿ ಜಾಲ ಬಹಳಷ್ಟು ತಗ್ಗುತ್ತದೆ. ಪತ್ರಿಕೆಯಿಂದ ಕತ್ತರಿಸಿದ ಚಿತ್ರದ ಚುಕ್ಕೆಗಳಿಗೆ ಈ ಉಪಾಯ ನಡೆಯದು. ಅದಕ್ಕೆ ಮುದ್ರಣದ ಚುಕ್ಕೆಗಳನ್ನು ಕರಗಿಸುವ, ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆಯನ್ನು ಬಳಸಬೇಕು.

ಪ್ರಶ್ನೆ: ತೆರೆಯ ಮೇಲೆ ಹೊಳೆಯುವ ಚಿತ್ರ ಮುದ್ರಣದಲ್ಲಿ ಕಪ್ಪಿಟ್ಟಂತೆ ಬರುವುದೇಕೆ?

ಉತ್ತರ: ತೆರೆ ತನ್ನದೇ ಬೆಳಕಿನಿಂದ ಬೆಳಗುತ್ತದೆ, ಕಾಗದ ಕೋಣೆಯ ಬೆಳಕನ್ನು ಪ್ರತಿಫಲಿಸುತ್ತದೆ. ತೆರೆಯ ಕಾಂತಿಯನ್ನು ಪೂರ್ತಿ ಏರಿಸಿಟ್ಟುಕೊಂಡು ತಿದ್ದಿದವರಿಗೆ ಚಿತ್ರ ಸಾಕಷ್ಟು ಬೆಳ್ಳಗಿದೆ ಎಂದೇ ಅನ್ನಿಸುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಹಿಡಿದು, ತೆರೆಯ ಮೇಲಿನ ಬಿಳುಪು ಆ ಕಾಗದದಷ್ಟೇ ಬೆಳಗುವಂತೆ ಕಾಂತಿಯನ್ನು ಇಳಿಸಿಕೊಂಡು ನಡುಛಾಯೆಗಳನ್ನು ಮತ್ತೊಮ್ಮೆ ಎತ್ತಿ. ಲ್ಯಾಬಿಗೆ ಕೊಡುವ ಫೈಲ್, ಅವರು ಬೇರೆ ಕೇಳದಿದ್ದರೆ, ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿರಲಿ, ಮತ್ತು ಯಂತ್ರ ತಾನಾಗಿ ತಿದ್ದುವ ಸೌಲಭ್ಯವನ್ನು ಆಫ್ ಮಾಡಲು ಅವರಿಗೆ ತಿಳಿಸಿ. ದೊಡ್ಡ ಪ್ರತಿಗೆ ಮುಂಚೆ, ಮುಖವಿರುವ ಭಾಗವನ್ನಷ್ಟೇ ಅಂತಿಮ ಅಳತೆಯಲ್ಲಿ ಒಂದು ಚಿಕ್ಕ ಹಾಳೆಯಲ್ಲಿ ಮುದ್ರಿಸಿ, ಚಿತ್ರ ತೂಗುವ ಗೋಡೆಯ ಬಳಿಯ ಬೆಳಕಿನಲ್ಲಿಯೇ ಹಿಡಿದು ನೋಡಿ.