ಒಂಟಿ ಚೈನ್‌ರಿಂಗ್‌ಗೆ ಯಾವ ಬಿಡಿಭಾಗ ಹೊಂದುತ್ತದೆ?

ಪ್ರಶ್ನೆ: ನನ್ನ ಗ್ರಾವೆಲ್ ಸೈಕಲ್ಲಿನಲ್ಲಿ ಶಿಮಾನೊ 105 ಆರ್7000 (ಹಿಂದೆ 11 ಗೇರ್, ಅಂದರೆ 11 ಸ್ಪೀಡ್‌ನ ರೋಡ್ ಸೈಕಲ್ ಸರಣಿ) ಬಿಡಿಭಾಗಗಳಿವೆ. ಮುಂದೆ 50 ಮತ್ತು 34 ಹಲ್ಲುಗಳ ಎರಡು ಚೈನ್‌ರಿಂಗ್‌ಗಳು (ಪೆಡಲ್ ಬಳಿಯ ಹಲ್ಲುಚಕ್ರಗಳು), ಹಿಂದೆ 11ರಿಂದ 32 ಹಲ್ಲುಗಳವರೆಗಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ). ಕಾಫಿ ತೋಟಗಳ ನಡುವಿನ ಕಚ್ಚಾ ರಸ್ತೆಗಳಲ್ಲಿ ಮುಂದಿನ ಡಿರೇಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ) ಕೆಸರು ಮೆತ್ತಿಕೊಳ್ಳುವುದರಿಂದ ಒಂದೇ ಚೈನ್‌ರಿಂಗ್‌ಗೆ ಬದಲಾಗಬೇಕೆಂದಿದ್ದೇನೆ. ಗೆಳೆಯರೊಬ್ಬರು ತಮ್ಮ ಮೌಂಟನ್ ಬೈಕಿನಲ್ಲಿದ್ದ ಶಿಮಾನೊ 11 ಸ್ಪೀಡ್‌ನ ಹಿಂದಿನ ಡಿರೇಲರ್ ಮತ್ತು 11–42 ಕ್ಯಾಸೆಟ್ ಕೊಡಲು ಸಿದ್ಧರಿದ್ದಾರೆ. ಇವು ಹೊಂದುತ್ತವೆಯೇ? ಚೈನ್‌ರಿಂಗ್‌ಗೆ ಎಷ್ಟು ಹಲ್ಲುಗಳಿರಬೇಕು?
— ಓದುಗರು, ಚಿಕ್ಕಮಗಳೂರು

ಉತ್ತರ: ಕ್ಯಾಸೆಟ್ ಹೊಂದುತ್ತದೆ, ಡಿರೇಲರ್ ಹೊಂದುವುದಿಲ್ಲ. ಎರಡರ ಮೇಲೂ 11 ಸ್ಪೀಡ್ ಎಂದಿರುವುದರಿಂದ ಬಹಳ ಜನ ಇಲ್ಲಿಯೇ ಎಡವಿ ಹಣ ಕಳೆದುಕೊಳ್ಳುತ್ತಾರೆ. ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಬದಲಿಸುವ ಲಿವರ್) ಒಂದು ಸಲ ಒತ್ತಿದಾಗ ಎಷ್ಟು ಕೇಬಲ್ ಎಳೆಯುತ್ತದೆ ಮತ್ತು ಅಷ್ಟು ಎಳೆತಕ್ಕೆ ಡಿರೇಲರ್ ಎಷ್ಟು ದೂರ ಸರಿಯುತ್ತದೆ ಎಂಬ ಎರಡು ಅಳತೆಗಳು ಕೂಡಿ ಬಂದರೆ ಮಾತ್ರ ಚೈನ್ ಒಂದು ಹಲ್ಲುಚಕ್ರದಿಂದ ಪಕ್ಕದ ಹಲ್ಲುಚಕ್ರಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಶಿಮಾನೊ ಕಂಪನಿಯ 11 ಸ್ಪೀಡ್ ರೋಡ್ ಶಿಫ್ಟರ್‌ಗಳ ಎಳೆತವೂ ಅದೇ ಕಂಪನಿಯ 11 ಸ್ಪೀಡ್ ಮೌಂಟನ್ ಡಿರೇಲರ್‌ಗಳು ಬೇಡುವ ಎಳೆತವೂ ಬೇರೆ ಬೇರೆ. ಸ್ಕ್ರೂ ತಿರುಗಿಸಿ ಒಂದೆರಡು ಗೇರ್ ಸರಿಪಡಿಸಬಹುದು, ಆದರೆ ಹನ್ನೊಂದೂ ಗೇರ್ ಎಂದಿಗೂ ಸರಿಹೋಗುವುದಿಲ್ಲ.

ನಿಮ್ಮ ಈಗಿನ ಶಿಫ್ಟರ್ ಉಳಿಸಿಕೊಂಡೇ ಬಳಸಬಹುದಾದದ್ದು 2019ರಲ್ಲಿ ಬಂದ ಜಿಆರ್‌ಎಕ್ಸ್ ಸರಣಿಯ ಆರ್‌ಎಕ್ಸ್812 ಡಿರೇಲರ್. ಅದರ ಕೇಬಲ್ ಎಳೆತ ರೋಡ್ ಶಿಫ್ಟರ್‌ನದೇ. ಅದನ್ನು ಒಂಟಿ ಚೈನ್‌ರಿಂಗ್‌ಗಾಗಿಯೇ ರೂಪಿಸಿದ್ದಾರೆ, 42 ಹಲ್ಲುಗಳವರೆಗಿನ ಕ್ಯಾಸೆಟ್ ನಿಭಾಯಿಸುತ್ತದೆ, ಚೈನ್ ಕುಣಿಯದಂತೆ ಬಿಗಿಹಿಡಿಯುವ ಕ್ಲಚ್ ಕೂಡ ಇದೆ. ಕೊಳ್ಳುವಾಗ ಸಂಖ್ಯೆಯನ್ನು ದಯವಿಟ್ಟು ಎರಡು ಸಲ ಓದಿ. ನೋಡಲು ಹಾಗೆಯೇ ಇರುವ ಆರ್‌ಎಕ್ಸ್810 ಎರಡು ಚೈನ್‌ರಿಂಗ್‌ಗಳಿಗೆ ಮಾಡಿದ್ದು, ಅದರ ಮಿತಿ 34 ಹಲ್ಲು.

ಗೆಳೆಯರ ಕ್ಯಾಸೆಟ್ ನಿಮ್ಮ ಫ್ರೀಹಬ್ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತದೆ, ಆದರೆ 11 ಸ್ಪೀಡ್ ರೋಡ್ ಫ್ರೀಹಬ್ ಮೌಂಟನ್ ಫ್ರೀಹಬ್‌ಗಿಂತ ಉದ್ದವಿರುವುದರಿಂದ ಹಿಂದೆ 1.85 ಮಿಲಿಮೀಟರ್‌ನ ಸ್ಪೇಸರ್ (ಅಂತರ ತುಂಬುವ ಬಳೆ) ಹಾಕಲೇಬೇಕು. ಇಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಅಲ್ಲಾಡುತ್ತದೆ.

ಇನ್ನು ಹಲ್ಲುಗಳ ಲೆಕ್ಕ. ಅಂಗಡಿಯಲ್ಲಿ ಸಾಮಾನ್ಯವಾಗಿ 40 ಅಥವಾ 42 ಹಲ್ಲಿನದನ್ನು ಕೊಡುತ್ತಾರೆ. ನಿಮಗೆ ನಾನು ಹೇಳುವುದು 38. ನೀವು ಓಡಾಡುವ ಅತಿ ಕಡಿದಾದ ಏರನ್ನು ನೋಡಿ ಚೈನ್‌ರಿಂಗ್ ಆರಿಸಬೇಕೇ ಹೊರತು ಇಳಿಜಾರಿನ ವೇಗವನ್ನು ನೋಡಿ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 40 ಮಿಲಿಮೀಟರ್ ಟೈರ್ ಇರುವ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ, ಈಗಿನ 34/32 ಗೇರಿನಲ್ಲಿ (ಮುಂದೆ 34, ಹಿಂದೆ 32 ಹಲ್ಲು) ವೇಗ ಗಂಟೆಗೆ 8.4 ಕಿಲೋಮೀಟರ್, 38/42ರಲ್ಲಿ ಸುಮಾರು 7.2 ಕಿಲೋಮೀಟರ್. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಸವಾರ, ಸೈಕಲ್ ಸೇರಿ 85 ಕಿಲೋ ತೂಕವಿದ್ದು, ರಸ್ತೆ ನೂರು ಮೀಟರಿಗೆ ಹತ್ತು ಮೀಟರ್ ಏರುತ್ತಿದ್ದರೆ, ಮೊದಲನೆಯದಕ್ಕೆ ಸ್ಥೂಲವಾಗಿ 215 ವಾಟ್ ಶಕ್ತಿ ಬೇಕು, ಎರಡನೆಯದಕ್ಕೆ 185 ವಾಟ್ ಸಾಕು. ಅರ್ಧ ಗಂಟೆಯ ಏರಿನಲ್ಲಿ ಈ 30 ವಾಟ್ ಏನೆಂಬುದು ಮೊಣಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮೇಲ್ತುದಿಯಲ್ಲಿ 38/11 ಗೇರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 41 ಕಿಲೋಮೀಟರ್ ಸಿಗುತ್ತದೆ. ಅದಕ್ಕಿಂತ ವೇಗವಾಗಿ ಘಾಟಿ ಇಳಿಯುವಾಗ ಹೇಗೂ ತುಳಿಯುವ ಅಗತ್ಯವಿರುವುದಿಲ್ಲ.

ಚೈನ್‌ರಿಂಗ್ ನಿಮ್ಮ ಕ್ರ್ಯಾಂಕಿನ (ಪೆಡಲ್ ಜೋಡಿಸುವ ಭಾಗದ) ನಾಲ್ಕು ತೋಳುಗಳ ಬೋಲ್ಟ್‌ಗಳಿಗೆ, ಅಂದರೆ 110 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿನ ಅಸಮ ಅಂತರಕ್ಕೇ ಮಾಡಿದ್ದಾಗಿರಬೇಕು. ಚೈನಿನ ಉದ್ದ ತಿಳಿಯಲು ಅದನ್ನು ಡಿರೇಲರ್ ಮೂಲಕ ಹಾಯಿಸದೆ 38 ಮತ್ತು 42 ಹಲ್ಲುಗಳ ಚಕ್ರಗಳನ್ನು ಬಳಸಿ ಸುತ್ತಿ, ತುದಿಗಳು ಕೂಡುವಲ್ಲಿ ಎರಡು ಕೊಂಡಿ ಹೆಚ್ಚಿಗೆ ಬಿಡಿ. ನಿಮ್ಮ ಹಳೆಯ ಚೈನ್ ಉದ್ದದಲ್ಲಿ ಸಾಲಬಹುದು, ಆದರೆ ಸವೆದ ಚೈನನ್ನು ಬೇರೆ ಕ್ಯಾಸೆಟ್‌ಗೆ ಹಾಕಿ ಅದನ್ನೂ ಹಾಳುಮಾಡಬೇಡಿ.

ಪ್ರಶ್ನೆ: ಹೊಸದೇನನ್ನೂ ಕೊಳ್ಳದೆ, ದೊಡ್ಡ ಚೈನ್‌ರಿಂಗ್ ಬಿಚ್ಚಿ ಒಳಗಿನ 34 ಹಲ್ಲಿನದನ್ನು ಮಾತ್ರ ಉಳಿಸಿಕೊಂಡರೆ ಆಗದೇ?
— ಓದುಗರು, ಬೆಂಗಳೂರು

ಉತ್ತರ: ನುಣುಪಾದ ರಸ್ತೆಯಲ್ಲಿ ಕೆಲವು ದಿನ ಓಡಬಹುದು, ಜಲ್ಲಿಯ ಮೇಲೆ ಚೈನ್ ಬೀಳುತ್ತದೆ. ಜೋಡಿ ಚೈನ್‌ರಿಂಗ್‌ನ ಹಲ್ಲುಗಳನ್ನು ಚೈನ್ ಸುಲಭವಾಗಿ ಬಿಟ್ಟುಕೊಡುವಂತೆ ರೂಪಿಸಿರುತ್ತಾರೆ, ಏಕೆಂದರೆ ಚೈನನ್ನು ಪಕ್ಕಕ್ಕೆ ದಾಟಿಸುವುದೇ ಅವುಗಳ ಕೆಲಸ. ಒಂಟಿ ಚೈನ್‌ರಿಂಗ್‌ನ ಹಲ್ಲುಗಳಾದರೋ ಎತ್ತರವಾಗಿದ್ದು, ಚೈನಿನ ಒಳಕೊಂಡಿ ಹೊರಕೊಂಡಿಗಳ ಅಗಲಕ್ಕೆ ತಕ್ಕಂತೆ ಒಂದು ತೆಳ್ಳಗೆ, ಒಂದು ದಪ್ಪಗೆ ಇರುತ್ತವೆ. ಈವರೆಗೆ ಚೈನನ್ನು ಅಂಕೆಯಲ್ಲಿಡುತ್ತಿದ್ದ ಮುಂದಿನ ಡಿರೇಲರ್‌ನ ಪಂಜರವನ್ನೂ ನೀವು ತೆಗೆದುಬಿಡುವುದರಿಂದ ಆ ಹಿಡಿತ ಇನ್ನಷ್ಟು ಮುಖ್ಯವಾಗುತ್ತದೆ.

ಪ್ರಶ್ನೆ: ನಾನು ಹೆಚ್ಚಾಗಿ ಡಾಂಬರು ರಸ್ತೆಯಲ್ಲಿ ಗುಂಪಿನೊಡನೆ ಸವಾರಿ ಮಾಡುತ್ತೇನೆ. 40 ಹಲ್ಲಿನ ಒಂಟಿ ಚೈನ್‌ರಿಂಗ್, 11–42 ಕ್ಯಾಸೆಟ್ ನನಗೆ ಸೂಕ್ತವೇ?
— ಓದುಗರು, ಮೈಸೂರು

ಉತ್ತರ: ಬೇಡ. ಆ ಕ್ಯಾಸೆಟ್‌ನ ಚಿಕ್ಕ ಹಲ್ಲುಚಕ್ರಗಳ ಕಡೆ ಹಲ್ಲುಗಳು 11, 13, 15, 17 ಎಂದು ಎರಡೆರಡಾಗಿ ಏರುತ್ತವೆ. ನಿಮಿಷಕ್ಕೆ 90 ಸುತ್ತಿನ ಲೆಕ್ಕದಲ್ಲಿ 17 ಹಲ್ಲಿಗೆ ಗಂಟೆಗೆ 28 ಕಿಲೋಮೀಟರ್, 15ಕ್ಕೆ 32, 13ಕ್ಕೆ ಸುಮಾರು 36.5. ಗುಂಪು 30ರಲ್ಲಿ ಸಾಗುತ್ತಿದ್ದರೆ ನೀವು ಅವಸರದಿಂದ ತುಳಿಯಬೇಕು, ಇಲ್ಲವೇ ಒತ್ತಿ ತುಳಿಯಬೇಕು. ನಿಮ್ಮ ಜೋಡಿ ಚೈನ್‌ರಿಂಗ್ ಇದ್ದಂತೆಯೇ ಇರಲಿ.