ಕಣ್ಣಿನ ಮಾತು: ಪೊರೆ ಕಾಯುತ್ತದೆ, ಹುಣ್ಣು ಕಾಯುವುದಿಲ್ಲ

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಕಾಯಿಲೆ ಬೇರೆ ಬೇರೆ. ಆದರೆ ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಮಾತು: "ಇನ್ನೂ ಸ್ವಲ್ಪ ದಿನ ನೋಡೋಣವಾ?" ಕೆಲವರಿಗೆ ಧೈರ್ಯವಾಗಿ ನೋಡಿ ಅನ್ನಬಹುದು. ಕೆಲವರಿಗೆ ಒಂದು ದಿನವೂ ಬೇಡ. ಯಾರಿಗೆ ಯಾವುದು ಅಂತ ಹೇಳುವುದಕ್ಕೇ ಈ ಸಲದ ಪುಟ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಾಯಿಗೆ 68 ವರ್ಷ. ಬಲಗಣ್ಣಿಗೆ ಪೊರೆ ಬಂದಿದೆ. ಪೊರೆ ಇನ್ನೂ ಬಲಿಯಲಿ, ಆಮೇಲೆ ಆಪರೇಷನ್ ಮಾಡಿಸಿ, ಅದೂ ಚಳಿಗಾಲದಲ್ಲೇ ಮಾಡಿಸಿ ಅಂತ ಊರಿನವರೆಲ್ಲ ಹೇಳುತ್ತಾರೆ. ಡ್ರಾಪ್ಸ್ ಹಾಕಿ ಕರಗಿಸಲು ಆಗಲ್ವಾ? ಯಾವ ಲೆನ್ಸ್ ಒಳ್ಳೆಯದು? (ತಿಪಟೂರಿನ ಓದುಗರು)

ಉತ್ತರ: ಮೊದಲು ಡ್ರಾಪ್ಸ್ ವಿಷಯ ಮುಗಿಸಿಬಿಡೋಣ. ಪೊರೆ ಕರಗಿಸುವ ಔಷಧಿ ಇಲ್ಲ. ಯಾರಾದರೂ ಹಾಗಂತ ಬಾಟಲಿ ಮಾರಿದರೆ ಕೊಳ್ಳಬೇಡಿ. ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಪಾಪೆಯ ಹಿಂದೆ ನಮ್ಮದೇ ಒಂದು ಲೆನ್ಸ್ ಇದೆ, ಚಿಕ್ಕ ವಯಸ್ಸಿನಲ್ಲಿ ಗಾಜಿನ ಹಾಗೆ ತಿಳಿಯಾಗಿರುತ್ತದೆ, ವಯಸ್ಸಾದಂತೆ ಅದೇ ಮಬ್ಬಾಗುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗುವುದಿಲ್ಲ ಅಲ್ವಾ, ಇದೂ ಹಾಗೇ.

ಪೊರೆ ಬಲಿಯಲಿ ಅನ್ನುವ ಮಾತಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ನಮ್ಮ ಡಾ. ಎಂ. ಸಿ. ಮೋದಿ ಅವರು ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಲಕ್ಷಗಟ್ಟಲೆ ಜನರಿಗೆ ಆಪರೇಷನ್ ಮಾಡಿದ ದಿನಗಳನ್ನು ನಿಮ್ಮ ತಾಯಿಯ ವಯಸ್ಸಿನವರು ನೋಡಿರುತ್ತಾರೆ. ಆಗ ಲೆನ್ಸನ್ನು ಇಡಿಯಾಗಿ ತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಹೊರಗೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ ಹಾಕಿಕೊಳ್ಳಬೇಕಿತ್ತು. ಅಷ್ಟೋ ಇಷ್ಟೋ ಕಾಣುವ ಕಣ್ಣಿಗೆ ಯಾಕೆ ಆ ಕಷ್ಟ ಅಂತ, ಪೂರ್ತಿ ಮಬ್ಬಾಗುವ ತನಕ ಕಾಯಿಸುತ್ತಿದ್ದರು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಲೆನ್ಸ್ ಇಟ್ಟಿದ್ದರು, ಆದರೆ ಅದು ನಮ್ಮ ಹಳ್ಳಿಯವರಿಗೆ ಸಿಗುವುದಕ್ಕೆ ದಶಕಗಳೇ ಹಿಡಿದವು. ಈಗ ಲೆಕ್ಕ ತಿರುಗಿದೆ. ಫೇಕೋ ವಿಧಾನದಲ್ಲಿ 3 ಮಿಲಿಮೀಟರಿಗೂ ಚಿಕ್ಕ ಗಾಯ ಮಾಡಿ, ಧ್ವನಿ ತರಂಗದಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆದು, ಮಡಚಿದ ಲೆನ್ಸನ್ನು ಒಳಗೆ ಬಿಡುತ್ತೇವೆ. ಪೊರೆ ಬಲಿತು ಕಲ್ಲಾದಷ್ಟೂ ಪುಡಿ ಮಾಡಲು ಜಾಸ್ತಿ ಶಕ್ತಿ ಬೇಕು, ಕರಿಗುಡ್ಡೆಗೆ ಅಷ್ಟು ಪೆಟ್ಟು. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ ನೋವೂ ಬರಬಹುದು.

ಹಾಗಂತ ನಾಳೆಯೇ ಓಡಬೇಕಾಗಿಲ್ಲ. ತಾಯಿಯವರನ್ನೇ ಕೇಳಿ: ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುತ್ತದಾ? ಬಸ್ಸಿನ ಬೋರ್ಡು ಕಾಣುತ್ತದಾ? ರಾತ್ರಿ ಎದುರು ಬರುವ ಗಾಡಿಯ ಲೈಟು ಚದುರಿದ ಹಾಗೆ ಆಗಿ ರಸ್ತೆ ದಾಟಲು ಹೆದರುತ್ತಾರಾ? ಅವರ ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿದ್ದರೆ ಅದೇ ಸರಿಯಾದ ಸಮಯ. ಕಾಲದ ಮಾತು ಬಿಡಿ, ಬೇಸಿಗೆಯಲ್ಲೂ ಮಾಡಿಸಬಹುದು, ಮಳೆಗಾಲದಲ್ಲೂ ಮಾಡಿಸಬಹುದು. ಮೊದಲು ಪಾಪೆ ಹಿಗ್ಗಿಸಿ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಚೆನ್ನಾಗಿದೆಯಾ ಅಂತ ನೋಡುತ್ತಾರೆ, ಕಣ್ಣಿನ ಉದ್ದ ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ಶುಗರ್, ಬಿ.ಪಿ. ಹಿಡಿತದಲ್ಲಿರಬೇಕು.

ಲೆನ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದೂರಕ್ಕೆ ಮಾತ್ರ ಕೂರಿಸುವ ಸಾಮಾನ್ಯ ಲೆನ್ಸ್ ತುಂಬಾ ಒಳ್ಳೆಯ ಲೆನ್ಸ್. ಓದುವುದಕ್ಕೆ ಒಂದು ಕನ್ನಡಕ ಹಾಕಿಕೊಂಡರಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಲೆನ್ಸ್ ಸಮೇತ ಉಚಿತವಾಗಿ ಆಪರೇಷನ್ ಮಾಡುತ್ತಾರೆ, ಅದು ಕಡಿಮೆ ದರ್ಜೆಯದು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೂರ ಹತ್ತಿರ ಎರಡಕ್ಕೂ ಆಗುವ ದುಬಾರಿ ಲೆನ್ಸಿನಲ್ಲಿ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ, ಅದನ್ನೂ ಕೇಳಿ ತಿಳಿದುಕೊಂಡು ಆರಿಸಿ. ಸಾಲ ಮಾಡಿ ಹಾಕಿಸುವ ಅಗತ್ಯವಂತೂ ಇಲ್ಲ. ಆಪರೇಷನ್ ಆದ ಮೇಲೆ ನೋವು ಜಾಸ್ತಿಯಾದರೆ, ಕೆಂಪು ಏರಿದರೆ, ದೃಷ್ಟಿ ಕುಂದಿದರೆ ಮಾತ್ರ ಅದೇ ದಿನ ವಾಪಸ್ ಹೋಗಿ. ತಿಂಗಳು, ವರ್ಷ ಕಳೆದ ಮೇಲೆ ಮತ್ತೆ ನಿಧಾನವಾಗಿ ಮಬ್ಬಾದರೆ ಗಾಬರಿ ಬೇಡ. ಲೆನ್ಸಿನ ಹಿಂದಿನ ತೆಳು ಪದರ ಮಂಜಾಗಿರಬಹುದು, ಹಾಗಿದ್ದರೆ ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷದ ಕೆಲಸ.

ಪ್ರಶ್ನೆ: ಹೋದ ವರ್ಷ ಭತ್ತದ ರಾಶಿ ಮಾಡುವಾಗ ನಮ್ಮ ಅಣ್ಣನ ಕಣ್ಣಿಗೆ ಹೊಟ್ಟು ಬಿತ್ತು. ನಂದಿಬಟ್ಟಲು ಹೂವಿನ ರಸ ಹಾಕಿದೆವು. ಆಮೇಲೆ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು. ಮೊದಲು ಕೆಂಪು ಇಳಿಯಿತು, ಆಮೇಲೆ ಹುಣ್ಣಾಯಿತು. ಎರಡು ತಿಂಗಳು ಔಷಧಿ ಮಾಡಿ ಹುಣ್ಣು ವಾಸಿಯಾಯಿತು, ಆದರೆ ಕಣ್ಣಲ್ಲಿ ಹೂವು ಉಳಿದಿದೆ, ಏನೂ ಕಾಣುವುದಿಲ್ಲ. ನಾವು ತಪ್ಪಿದ್ದು ಎಲ್ಲಿ? (ಗಂಗಾವತಿ ಹತ್ತಿರದ ರೈತರು)

ಉತ್ತರ: ನಿಮ್ಮ ಪತ್ರ ಓದಿ ಬಹಳ ಬೇಜಾರಾಯಿತು. ಸುಗ್ಗಿ ಬಂದರೆ ಇಂಥ ಕಣ್ಣುಗಳು ಆಸ್ಪತ್ರೆಗೆ ಬರುತ್ತಲೇ ಇರುತ್ತವೆ. ಭತ್ತದ ಹೊಟ್ಟು, ಕಬ್ಬಿನ ಗರಿ, ಜೋಳದ ಎಲೆ, ಯಾವುದೇ ಇರಲಿ, ಕರಿಗುಡ್ಡೆಯನ್ನು ಗೀರಿದರೆ ಆ ಗೀರಿನಲ್ಲಿ ಬೂಷ್ಟು, ಅಂದರೆ ಫಂಗಸ್, ಒಳಗೆ ಸೇರಿಕೊಳ್ಳುತ್ತದೆ. ಅದು ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ಮೊದಲ ದಿನಗಳಲ್ಲಿ ದೊಡ್ಡದಾಗಿ ಏನೂ ಅನ್ನಿಸುವುದಿಲ್ಲ. ಹೂವಿನ ರಸ, ಎದೆಹಾಲು, ಹರಳೆಣ್ಣೆ ಇವೆಲ್ಲ ಶುದ್ಧ ಮಾಡಿದ್ದಲ್ಲ, ಹೊಸ ಕೊಳೆಯನ್ನೂ ಜೊತೆಗೆ ತರುತ್ತವೆ. ಸೆರಗಿನ ತುದಿಯಿಂದ ಕಸ ತೆಗೆಯುವುದೂ ಅಷ್ಟೇ.

ನೀವು ತಂದ ಡ್ರಾಪ್ಸ್ ಯಾವುದೋ ಪತ್ರದಲ್ಲಿ ಇಲ್ಲ. ಆದರೆ ಮೊದಲು ಕೆಂಪು ಇಳಿದು ಆಮೇಲೆ ಹುಣ್ಣಾಯಿತು ಅಂದಾಗ ನನಗೆ ಅನುಮಾನ ಬರುವುದು ಸ್ಟೀರಾಯ್ಡ್ ಮೇಲೆ. ಸ್ಟೀರಾಯ್ಡ್ ಕೆಂಪನ್ನೂ ನೋವನ್ನೂ ಬೇಗ ಇಳಿಸುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಆದರೆ ಕಣ್ಣಿನ ಹೋರಾಡುವ ಶಕ್ತಿಯನ್ನು ಕುಗ್ಗಿಸಿ ಫಂಗಸ್‌ಗೆ ದಾರಿ ಬಿಟ್ಟುಕೊಡುತ್ತದೆ. ಯಾವ ಕಣ್ಣಿಗೂ ಸುಮ್ನೆ ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ತಂದು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮಾಡಬೇಕಾದದ್ದು ಇಷ್ಟು. ಶುದ್ಧ ನೀರಿನಿಂದ ಕಣ್ಣು ತೊಳೆಯಿರಿ, ಉಜ್ಜಬೇಡಿ. ನೋವು, ನೀರು ಸುರಿಯುವುದು, ಬೆಳಕು ನೋಡಲು ಆಗದಿರುವುದು ಇದ್ದರೆ ಅದೇ ದಿನ, ತಡವಾದರೆ ಮರುದಿನ ಬೆಳಿಗ್ಗೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಕಣ್ಣಿಗೆ ಒಂದು ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ, ಗೀರು ಇದ್ದಲ್ಲಿ ಹಸಿರಾಗಿ ಹೊಳೆಯುತ್ತದೆ. ಹುಣ್ಣಾಗಿದ್ದರೆ ಮರಗಟ್ಟುವ ಡ್ರಾಪ್ಸ್ ಹಾಕಿ, ಸ್ವಲ್ಪ ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ಫಂಗಸ್ಸೋ ಬ್ಯಾಕ್ಟೀರಿಯಾವೋ ಅಂತ ಪತ್ತೆ ಮಾಡುತ್ತಾರೆ. ಫಂಗಸ್ ಆದರೆ ಸಾಮಾನ್ಯವಾಗಿ ನಟಮೈಸಿನ್ ಡ್ರಾಪ್ಸ್, ಶುರುವಿನಲ್ಲಿ ಗಂಟೆಗೊಮ್ಮೆ, ವಾರಗಟ್ಟಲೆ. ರಾಶಿ ಮಾಡುವಾಗ, ಕಬ್ಬು ಕಡಿಯುವಾಗ ಒಂದು ಪ್ಲಾಸ್ಟಿಕ್ ಕನ್ನಡಕ ಹಾಕಿದ್ದರೆ ಇಷ್ಟೆಲ್ಲ ತಪ್ಪುತ್ತದೆ.

ಅಣ್ಣನವರ ಕಣ್ಣಿನ ಆಸೆ ಬಿಡಬೇಡಿ. ಹೂವು ಅಂದರೆ ಕರಿಗುಡ್ಡೆಯ ಮೇಲಿನ ಕಲೆ, ಪೊರೆಯಲ್ಲ. ಪೊರೆ ಆಪರೇಷನ್ನಿನಿಂದ ಅದು ಹೋಗುವುದಿಲ್ಲ, ಕಾರ್ನಿಯಾ, ಅಂದರೆ ಕರಿಗುಡ್ಡೆಯನ್ನು ಮುಚ್ಚಿರುವ ತಿಳಿ ಪದರವನ್ನು, ಬದಲಾಯಿಸಬೇಕು. ಹಿಂದಿನ ನರ ಚೆನ್ನಾಗಿದ್ದರೆ ಕಾಣುವ ಸಾಧ್ಯತೆ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಯಾರಿಗೆ ಯಾವುದು ಹಾಳಾಗಿತ್ತೋ ಅದನ್ನು ಹಾಕಿದರು. ಅಣ್ಣನವರ ಕಲೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲೆ ಅವರಿಗೆ ಒಂದು ಪದರ ಸಾಕೋ ಇಡೀ ಕಾರ್ನಿಯಾ ಬೇಕೋ ಅಂತ ತೀರ್ಮಾನ ಆಗುತ್ತದೆ. ಕಾರ್ನಿಯಾ ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ. ಓದುವ ಉಳಿದವರೂ ಗಮನಿಸಿ: ಕನ್ನಡಕ ಹಾಕುವವರು, ಶುಗರ್ ಇರುವವರು, ಪೊರೆ ಆಪರೇಷನ್ ಆದವರು ಕೂಡ ಕಣ್ಣು ದಾನ ಮಾಡಬಹುದು. ತೀರಿಕೊಂಡ 6 ಗಂಟೆಯೊಳಗೆ ತೆಗೆಯಬೇಕು. ಕಣ್ಣು ತೆಗೆಯುವವರು ಬರುವ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಿ.

ಪ್ರಶ್ನೆ: ನನಗೆ 44 ವರ್ಷ. ನಮ್ಮ ಅಣ್ಣನಿಗೆ ಗ್ಲಾಕೋಮಾದಿಂದ ಒಂದು ಕಣ್ಣು ಹೋಗಿದೆ. ನನಗೆ ಚೆನ್ನಾಗಿ ಕಾಣುತ್ತದೆ. ಆದರೂ ಪರೀಕ್ಷೆ ಬೇಕಾ? (ಹಾಸನದ ಗೃಹಿಣಿ)

ಉತ್ತರ: ಬೇಕು, ಈ ತಿಂಗಳೇ. ಒಡಹುಟ್ಟಿದವರಿಗೆ ಇದ್ದರೆ ನಿಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಜಾಸ್ತಿ. ಚೆನ್ನಾಗಿ ಕಾಣುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಕಣ್ಣಿನ ನರವನ್ನು ಹಾಳುಮಾಡುವ ಈ ಕಾಯಿಲೆ ಸಾಮಾನ್ಯವಾಗಿ ದೃಷ್ಟಿಯ ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವಿನ ದೃಷ್ಟಿ ಕೊನೆಯ ತನಕ ಉಳಿದಿರುತ್ತದೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ನೋವಿಲ್ಲ, ಕೆಂಪಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿದಾಗಲೇ ಕೆಲವರಿಗೆ ಗೊತ್ತಾಗುವುದು. ಹೋದ ನರ ವಾಪಸ್ ಬರುವುದಿಲ್ಲ.

ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಇದು ಸಿಗುವುದಿಲ್ಲ. ಕಣ್ಣಿನ ಒತ್ತಡ ಅಳೆಯಬೇಕು. ಸಾಮಾನ್ಯವಾಗಿ ಅದು 10ರಿಂದ 21ರ ಒಳಗೆ ಇರುತ್ತದೆ, ಆದರೆ 16 ಇದ್ದರೂ ನರ ಹಾಳಾಗುವವರು ಇದ್ದಾರೆ, ಅದಕ್ಕೆ ಬರೀ ಒತ್ತಡ ನೋಡಿ ಕಳಿಸಿದರೆ ಸಾಲದು. ಪಾಪೆ ಹಿಗ್ಗಿಸಿ ನರ ನೋಡಬೇಕು, ಕಣ್ಣಿನೊಳಗಿನ ನೀರು ಹರಿದುಹೋಗುವ ಮೂಲೆ ತೆರೆದಿದೆಯಾ ಇಕ್ಕಟ್ಟಾಗಿದೆಯಾ ಅಂತ ಒಂದು ಕನ್ನಡಿ ಲೆನ್ಸ್ ಇಟ್ಟು ನೋಡಬೇಕು, ಫೀಲ್ಡ್ ಟೆಸ್ಟ್ ಮಾಡಬೇಕು. ಫೀಲ್ಡ್ ಟೆಸ್ಟಿನಲ್ಲಿ ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಬೆಳಕು ಮಿನುಗಿದಾಗೆಲ್ಲ ಗುಂಡಿ ಒತ್ತಿ ಅನ್ನುತ್ತಾರೆ. ಮೊದಲ ಸಲ ಗಲಿಬಿಲಿ ಆಗುತ್ತದೆ, ಹೆದರಬೇಡಿ, ಬೇಕಾದರೆ ಇನ್ನೊಮ್ಮೆ ಮಾಡುತ್ತಾರೆ. ಮೂಲೆ ಇಕ್ಕಟ್ಟಾಗಿದ್ದರೆ ಲೇಸರಿನಲ್ಲಿ ಪುಟ್ಟ ತೂತು ಮಾಡಿ ದಾರಿ ಬಿಡಿಸುತ್ತಾರೆ. ಮಿಕ್ಕವರಿಗೆ ಬಹುತೇಕ ಡ್ರಾಪ್ಸ್, ದಿನಾ, ಜೀವನಪೂರ್ತಿ. ಉಬ್ಬಸ ಇದ್ದರೆ ಮೊದಲೇ ಹೇಳಿ, ಟಿಮೋಲಾಲ್ ಅನ್ನುವ ಡ್ರಾಪ್ಸ್ ಅಂಥವರಿಗೆ ಆಗಿಬರುವುದಿಲ್ಲ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ, ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ.

ಡ್ರಾಪ್ಸ್ ಹಾಕಿದರೂ ದೃಷ್ಟಿ ಏನೂ ಹೆಚ್ಚಾಗಲಿಲ್ಲ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಅದು ಹೆಚ್ಚಿಸಲು ಅಲ್ಲ, ಇರುವುದನ್ನು ಉಳಿಸಲು. ನಿಮ್ಮ ಅಣ್ಣನವರಿಗೂ ಈ ಮಾತು ಹೇಳಿ, ಅವರ ಇನ್ನೊಂದು ಕಣ್ಣಿಗೋಸ್ಕರ.

ಪ್ರಶ್ನೆ: ಆಟೋ ಓಡಿಸುತ್ತೇನೆ. 9 ವರ್ಷದಿಂದ ಶುಗರ್. ಆರು ತಿಂಗಳಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದೆ. ಈಗ ಕಣ್ಣಿಗೇ ಇಂಜೆಕ್ಷನ್ ಚುಚ್ಚಬೇಕು ಅಂತಾರೆ. ತುಂಬಾ ಭಯ. (ಬೆಂಗಳೂರು)

ಉತ್ತರ: ಭಯ ಸಹಜ. ಆದರೆ ಮರಗಟ್ಟಿಸಿ, ಕಣ್ಣಿನ ಬಿಳಿ ಭಾಗದಲ್ಲಿ ತುಂಬಾ ಸಣ್ಣ ಸೂಜಿಯಿಂದ ಕೊಡುತ್ತಾರೆ, ಚುಚ್ಚುವುದು ಕೆಲವೇ ಸೆಕೆಂಡು. ಒತ್ತಿದ ಹಾಗೆ ಅನ್ನಿಸುತ್ತದೆ ಅಷ್ಟೇ ಅಂತ ಹೆಚ್ಚಿನವರು ಹೇಳುತ್ತಾರೆ. ಶುಗರ್ ಜಾಸ್ತಿ ಇದ್ದು ಇದ್ದು ರೆಟಿನಾದ ಸಣ್ಣ ರಕ್ತನಾಳಗಳು ಸೋರಲು ಶುರುವಾಗುತ್ತವೆ, ನಡುಭಾಗ ನೀರು ತುಂಬಿ ಊದಿಕೊಳ್ಳುತ್ತದೆ. ಓ.ಸಿ.ಟಿ. ಸ್ಕ್ಯಾನಿನಲ್ಲಿ ಆ ಊತ ಕಾಣುತ್ತದೆ. ಇಂಜೆಕ್ಷನ್ ಆ ಸೋರಿಕೆ ತಡೆಯುತ್ತದೆ. ಒಂದಕ್ಕೇ ಮುಗಿಯುವುದಿಲ್ಲ, ಶುರುವಿನಲ್ಲಿ ತಿಂಗಳಿಗೊಂದರಂತೆ ಹಲವು ಬೇಕಾಗಬಹುದು. ಖರ್ಚಿನ ಬಗ್ಗೆ ಸಂಕೋಚ ಪಡದೆ ಕೇಳಿ, ಕಡಿಮೆ ಬೆಲೆಯ ಔಷಧಿಯೂ ಇದೆ. ಶುಗರ್ ಹತೋಟಿಗೆ ಬರದೆ ಹೊಸ ಕನ್ನಡಕ ಮಾಡಿಸಬೇಡಿ, ಶುಗರ್ ಏರಿಳಿದಾಗ ನಂಬರೂ ಏರಿಳಿಯುತ್ತದೆ. ಪಾಪೆ ಹಿಗ್ಗಿಸಿದ ದಿನ ಆಟೋ ಓಡಿಸಬೇಡಿ, ಹಲವು ಗಂಟೆ ಮಂಜು ಇರುತ್ತದೆ. ಶುಗರ್ ಇರುವ ಎಲ್ಲರೂ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು.

ಪ್ರಶ್ನೆ: ಮೂರು ವರ್ಷದ ಮಗನಿಗೆ ಮೆಳ್ಳೆಗಣ್ಣು. ಅದೃಷ್ಟ, ಮುಟ್ಟಬೇಡಿ ಅಂತಾರೆ ಅತ್ತೆ. (ಧಾರವಾಡ)

ಉತ್ತರ: ಅತ್ತೆಯವರಿಗೆ ಮೊಮ್ಮಗನ ಮೇಲೆ ಪ್ರೀತಿ, ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿರುಗಿದ ಕಣ್ಣು ಕಳಿಸುವ ಚಿತ್ರವನ್ನು ಮಗುವಿನ ಮೆದುಳು ಬದಿಗಿಡುತ್ತಾ ಹೋಗುತ್ತದೆ, ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಪಟ್ಟಿಯಿಂದ ಮುಚ್ಚಿ ಈ ಕಣ್ಣಿಗೆ ಕೆಲಸ ಕೊಡಬೇಕು. ಏಳೆಂಟು ವರ್ಷದೊಳಗೆ ಇದು ಚೆನ್ನಾಗಿ ಫಲ ಕೊಡುತ್ತದೆ, ದೊಡ್ಡವನಾದ ಮೇಲೆ ಕಷ್ಟ. ಫೋಟೋದಲ್ಲಿ ಯಾವ ಮಗುವಿನ ಪಾಪೆಯಾದರೂ ಬೆಳ್ಳಗೆ ಹೊಳೆದರೆ ಮಾತ್ರ ವಾರವೂ ಕಾಯಬೇಡಿ, ಅಪರೂಪಕ್ಕೆ ಅದು ಕಣ್ಣಿನ ಕ್ಯಾನ್ಸರ್ ಇರಬಹುದು.

ಪ್ರಶ್ನೆ: ಮದ್ರಾಸ್ ಐ ಬಂದವರನ್ನು ನೋಡಿದರೆ ನಮಗೂ ಬರುತ್ತದಾ? (ಮಂಡ್ಯದ ವಿದ್ಯಾರ್ಥಿ)

ಉತ್ತರ: ನೋಡಿದರೆ ಬರಲ್ಲ. ಅವರ ಕಣ್ಣೀರು, ಪಿಸುರು ಕೈಗೋ ಟವೆಲಿಗೋ ತಾಗಿ, ಆ ಕೈ ನಮ್ಮ ಕಣ್ಣಿಗೆ ಹೋದರೆ ಬರುತ್ತದೆ. ಕೈ ತೊಳೆಯಿರಿ. ಹೆಚ್ಚಾಗಿ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ನೋವು ಇದ್ದರೆ, ದೃಷ್ಟಿ ಮಬ್ಬಾದರೆ ಅದು ಬರೀ ಮದ್ರಾಸ್ ಐ ಅಲ್ಲದಿರಬಹುದು, ತೋರಿಸಿ.

ಪ್ರಶ್ನೆ: ಮೂರು ದಿನದಿಂದ ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಹಾರುತ್ತಿವೆ, ಕತ್ತಲಲ್ಲಿ ಮಿಂಚಿದ ಹಾಗೆ ಆಗುತ್ತದೆ. ನನಗೆ ಮೈನಸ್ 7 ಕನ್ನಡಕ. (ಶಿವಮೊಗ್ಗದ ಶಿಕ್ಷಕಿ)

ಉತ್ತರ: ಇವರಿಗೆ ಪತ್ರಿಕೆಯಲ್ಲಿ ಉತ್ತರ ಬರುವ ತನಕ ಬಿಡುವಂತಿರಲಿಲ್ಲ. ಪತ್ರದಲ್ಲಿ ನಂಬರ್ ಇತ್ತು, ಓದಿದ ತಕ್ಷಣ ಫೋನ್ ಮಾಡಿದೆ. ಒಂದೆರಡು ಹಳೆಯ ಚುಕ್ಕೆ ಎಷ್ಟೋ ಜನಕ್ಕೆ ಇರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಮ್ಮೆಲೇ ಹೊಸ ಚುಕ್ಕೆಗಳು, ಜೊತೆಗೆ ಮಿಂಚು, ಅಥವಾ ಒಂದು ಕಡೆಯಿಂದ ಪರದೆ ಇಳಿದಂತೆ ಆಗುವುದು, ಇದರಲ್ಲಿ ಯಾವುದು ಬಂದರೂ ಅದೇ ದಿನ ರೆಟಿನಾ ನೋಡಿಸಬೇಕು. ಮೈನಸ್ ನಂಬರ್ ಜಾಸ್ತಿ ಇರುವವರಲ್ಲಿ ರೆಟಿನಾ ತೆಳುವಾಗಿರುತ್ತದೆ, ಹರಿಯುವುದು ಹೆಚ್ಚು. ಹರಿದಲ್ಲಿಂದ ನೀರು ಒಳಗೆ ನುಗ್ಗಿ ಗೋಡೆಯ ಸುಣ್ಣ ಎದ್ದಂತೆ ರೆಟಿನಾ ಎದ್ದುಬಿಟ್ಟರೆ ದೊಡ್ಡ ಆಪರೇಷನ್ನೇ ಬೇಕು. ಅವರು ಅದೇ ಸಂಜೆ ಹೋದರು. ಹರಿದಿತ್ತು, ಇನ್ನೂ ಎದ್ದಿರಲಿಲ್ಲ. ಸುತ್ತ ಲೇಸರ್ ಹಾಕಿದ್ದಾರೆ. ಮೊನ್ನೆ ಮತ್ತೆ ಮಾತಾಡಿದೆ, ಮಿಂಚು ನಿಂತಿದೆಯಂತೆ.