ಚಿಂಟ್ಸ್: ಚುಕ್ಕೆ ಬಟ್ಟೆ ಬೈಗುಳ ಆದದ್ದು

ಪ್ರಶ್ನೆ: ಇಂಗ್ಲಿಷ್ ಕಾದಂಬರಿಯೊಂದರಲ್ಲಿ ‘ಚಿಂಟ್ಸಿ ಪರದೆ’ ಅಂತ ಓದಿದೆ. ನಿಘಂಟು ನೋಡಿದರೆ ಅಗ್ಗದ್ದು, ಕಳಪೆ ಅಂತಿದೆ. ಮೂಲ ಪದ ನಮ್ಮ ದೇಶದ್ದಂತೆ, ನಿಜವೇ?

ಉತ್ತರ: ನಿಜ. ‘ಚಿಂಟ್ಸಿ’ ಬಂದದ್ದು ‘ಚಿಂಟ್ಸ್’ ಎಂಬ ಬಟ್ಟೆಯ ಹೆಸರಿನಿಂದ, ಅದರ ಮೂಲ ಹಿಂದಿಯ ‘ಛೀಂಟ್’. ಅಂದರೆ ಚುಕ್ಕೆ, ಸಿಡಿದ ಹನಿ. ಇಂಥ ಹೂವಿನ ಅಚ್ಚಿನ ಹತ್ತಿಬಟ್ಟೆಯನ್ನು ನಮ್ಮ ಹಳಬರು ‘ಚೀಟಿ ಬಟ್ಟೆ’ ಅಂತಿದ್ದರಲ್ವಾ, ಅದೂ ಇದೇ ಬಳಗದ ಮಾತು. ಇಂಗ್ಲಿಷ್ ವ್ಯಾಪಾರಿಗಳಿಗೆ ಒಂದು ಬಟ್ಟೆ ‘ಚಿಂಟ್’, ಹಲವು ಬಟ್ಟೆ ‘ಚಿಂಟ್ಸ್’. ಹಡಗಿಗೆ ಮೂಟೆಗಟ್ಟಲೆ ಏರಿಸುವವರಿಗೆ ಏಕವಚನದ ಕೆಲಸವೇನು? ಬಹುವಚನವೇ ಉಳಿಯಿತು. ಆಮೇಲೆ ಅದು ಬಹುವಚನ ಅನ್ನುವುದೇ ಮರೆತುಹೋಗಿ, ಕೊನೆಯ ‘ಎಸ್’ ಜಾಗಕ್ಕೆ ‘ಝಡ್’ ಬಂದು ಕೂತಿತು.

ಆಗ ಇದು ಕಳಪೆ ಮಾಲಲ್ಲ. ಮಚಲೀಪಟ್ಟಣದ ಕಡೆಯ ಕರಾವಳಿಯಲ್ಲಿ ಕೈಯಿಂದಲೇ ಬರೆದು, ಪಟಿಕ ಹಾಕಿ ಕೆಂಪು, ಕಬ್ಬಿಣದ ನೀರಿನಿಂದ ಕಪ್ಪು, ನೀಲಿ ಬೇಡದ ಕಡೆಗೆಲ್ಲ ಮೇಣ ಬಳಿದು ಬಣ್ಣದಲ್ಲಿ ಅದ್ದಿ ನೀಲಿ ತರುತ್ತಿದ್ದರು. ಎಷ್ಟು ಒಗೆದರೂ ಬಣ್ಣ ಹೋಗದು. ಯುರೋಪಿನವರಿಗೆ ಆ ಗುಟ್ಟು ಪೂರ್ತಿ ಗೊತ್ತಿರಲಿಲ್ಲ. ಪುದುಚೇರಿಯ ಕಡೆ ಇದ್ದ ಫ್ರೆಂಚ್ ಪಾದ್ರಿ ಕೂರ್ಡೂ 1742ರಲ್ಲಿ ಕೆಲಸಗಾರರಿಂದ ಕೇಳಿ ತಿಳಿದು ಊರಿಗೆ ಕಾಗದ ಬರೆದ. (ಸಂಸ್ಕೃತಕ್ಕೂ ಲ್ಯಾಟಿನ್‌ಗೂ ನಂಟಿದೆ ಎಂದು, ಆ ಮಾತಿಗೆ ಹೆಸರಾದ ವಿದ್ವಾಂಸ ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿದವನೂ ಇವನೇ. ಪದದ ಹುಚ್ಚಿನವರು ಇವನನ್ನು ನೆನೆಯಬೇಕು.)

ಯುರೋಪಿನ ನೇಕಾರರಿಗೆ ಸಹಜವಾಗಿಯೇ ಹೊಟ್ಟೆ ಉರಿಯಿತು. ಫ್ರಾನ್ಸ್ 1686ರಲ್ಲೇ ನಿಷೇಧ ಹೇರಿತ್ತು. ಲಂಡನ್ನಿನಲ್ಲಿ 1719ರಲ್ಲಿ ಅಚ್ಚಿನ ಬಟ್ಟೆ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. 1721ರಲ್ಲಿ ಇಂಥ ಬಟ್ಟೆ ಉಡಬಾರದು ಅಂತ ಕಾನೂನೂ ಬಂತು.

ಹೆಸರು ಕೆಟ್ಟದ್ದು ನಂತರ. ಇಂಗ್ಲೆಂಡಿನ ಗಿರಣಿಗಳು ಯಂತ್ರದಲ್ಲಿ ಅದೇ ಹೂವುಗಳನ್ನು ರಾಶಿ ರಾಶಿ ಅಚ್ಚು ಹಾಕಿದವು. ಎಲ್ಲರ ಮನೆಗೂ ಬಂದದ್ದಕ್ಕೆ ಸಿರಿವಂತರಲ್ಲಿ ಬೆಲೆ ಇರುತ್ತದೆಯೇ? ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ 1851ರ ಪತ್ರವೊಂದರಲ್ಲಿ ಒಂದು ಬಟ್ಟೆಯನ್ನು ‘ಚಿಂಟ್ಸಿ’ ಎಂದು ಮೂಗು ಮುರಿದಿದ್ದಾರೆ. ನನ್ನ ಕೇಳಿದರೆ, ತಪ್ಪು ನಕಲಿನದ್ದು, ಬೈಗುಳ ಮಾತ್ರ ಅಸಲಿಯ ಹೆಸರಿಗೆ!

ಅಂದಹಾಗೆ, ಅಮೆರಿಕದಲ್ಲಿ ಜಿಪುಣನಿಗೂ ‘ಚಿಂಟ್ಸಿ’ ಅನ್ನುತ್ತಾರೆ. ನಿಮ್ಮ ಕಾದಂಬರಿಯಲ್ಲಿ ಅದು ಪರದೆಗೆ ಹೇಳಿದ್ದರಿಂದ, ಬರೀ ಹೂವು ಹೂವಿನ ಪರದೆ ಅಂತಲೂ ಇರಬಹುದು. ಮುಂದಿನ ಸಾಲು ಓದಿ ನೋಡಿ.